ಮೂವತ್ತು ರೂಪಾಯಿಯ ಗುಮಾಸ್ತ

ಮನುಷ್ಯನಿಗೆ ಎರಡು ಬಗೆಯ ಹಸಿವುಗಳುಂಟು. ಒಂದು ಹೊಟ್ಟೆಯ ಹಸಿವು, ಮತ್ತೊಂದು ಬುದ್ಧಿಯ ಹಸಿವು. ಭಾಗ್ಯವಂತರಿಗೆ ಒಂದೇ ಉದ್ಯೋಗದಿಂದ ಇವೆರಡೂ ತೀರುತ್ತವೆ. ಬಹುಮಂದಿಗೆ ಆ ಭಾಗ್ಯವಿರುವುದಿಲ್ಲ. ಕೈಗೆ ಸಿಕ್ಕಿದ ಕೆಲಸ ಅನ್ನವನ್ನು ಕೊಡುತ್ತದೆ. ಮನಸ್ಸು ಮಾತ್ರ ಬೇರೊಂದು ಕಡೆಗೆ ಎಳೆಯುತ್ತಿರುತ್ತದೆ. ಅಂಥ ಸಂದರ್ಭದಲ್ಲಿ ಇರುವ ಕೆಲಸವನ್ನು ಹಿಡಿದುಕೊಂಡಿರಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಏಳುತ್ತದೆ. ಬಿಟ್ಟರೆ ಮನೆಯವರ ಗತಿಯೇನು? ಬಿಡದಿದ್ದರೆ ತನ್ನೊಳಗಿನ ಶಕ್ತಿಯ ಗತಿಯೇನು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮದರಾಸಿನ ಬಂದರು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದ ಬಡ ತರುಣರೊಬ್ಬರ ಮುಂದೆ ಈ ಪ್ರಶ್ನೆ ಬಂದು ನಿಂತಿತು. ಅವರು ಕಂಡುಕೊಂಡ ಉತ್ತರದಿಂದ ಜಗತ್ತಿನ ಗಣಿತಶಾಸ್ತ್ರಕ್ಕೆ ಹೊಸ ಸಂಪತ್ತು ಸೇರಿತು. ಅವರೇ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ ಅವರು 1887ನೆಯ ಇಸವಿ ಡಿಸೆಂಬರ್ 22ರಂದು ತಮಿಳುನಾಡಿನ ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ಅವರು ಬೆಳೆದದ್ದು ಕಾವೇರಿಯ ತೀರದ ಕುಂಭಕೋಣದಲ್ಲಿ, ಸಾರಂಗಪಾಣಿ ದೇವಾಲಯದ ಬೀದಿಯ ಒಂದು ಚಿಕ್ಕ ಮನೆಯಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ಯರು ಬಟ್ಟೆಯ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಅವರ ಸಂಬಳ ತಿಂಗಳಿಗೆ ಸುಮಾರು 20 ರೂಪಾಯಿ. ತಾಯಿ ಕೋಮಲತಮ್ಮಾಳ್ ಅವರು ದೇವಾಲಯದಲ್ಲಿ ಭಜನೆ ಹಾಡಿ ಮನೆಯ ಆದಾಯಕ್ಕೆ ಅಷ್ಟಿಷ್ಟು ಸೇರಿಸುತ್ತಿದ್ದರು. ಹೀಗೆ ಲೆಕ್ಕದ ಪುಸ್ತಕವೆಂಬುದು ಆ ಮನೆಗೆ ಹೊಸದಾಗಿರಲಿಲ್ಲ. ಅಲ್ಪ ಸಂಬಳದಲ್ಲಿ ತಿಂಗಳನ್ನು ಸಾಗಿಸುವ ಕಷ್ಟವೂ ಆ ಬಾಲಕನಿಗೆ ಹೊಸದಾಗಿರಲಿಲ್ಲ.

ಬಾಲಕನ ಬುದ್ಧಿ ಚುರುಕಾಗಿತ್ತು. 1897ರಲ್ಲಿ ಪ್ರಾಥಮಿಕ ಪರೀಕ್ಷೆಯಲ್ಲಿ ಆತ ತಂಜಾವೂರು ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆಯಾದನು. ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 1903ರ ಸುಮಾರಿಗೆ, ಕಾರ್ ಎಂಬ ಆಂಗ್ಲ ಲೇಖಕನ ಗಣಿತಗ್ರಂಥವೊಂದು ಅವನ ಕೈಸೇರಿತು. ಸುಮಾರು 5,000 ಪ್ರಮೇಯಗಳನ್ನೂ ಸೂತ್ರಗಳನ್ನೂ ಒಂದರ ಕೆಳಗೊಂದು ಜೋಡಿಸಿದ್ದ ಗ್ರಂಥವದು. ಬಹುಪಾಲು ಸೂತ್ರಗಳಿಗೆ ಅದರಲ್ಲಿ ಪೂರ್ಣ ಸಾಧನೆ ಇರಲಿಲ್ಲ. ಬೇರೊಬ್ಬ ವಿದ್ಯಾರ್ಥಿಗೆ ನೀರಸವಾಗಿ ಕಾಣಬಹುದಾಗಿದ್ದ ಆ ಪುಸ್ತಕ ರಾಮಾನುಜನ್ನರಿಗೆ ನಿಧಿಯಾಯಿತು. ಬಿಟ್ಟುಹೋದ ಸಾಧನೆಗಳನ್ನು ತಾವೇ ಹುಡುಕತೊಡಗಿದರು. ಹುಡುಕುತ್ತ ಹುಡುಕುತ್ತ ಪುಸ್ತಕದಲ್ಲಿಲ್ಲದ ಹೊಸ ಸೂತ್ರಗಳನ್ನೂ ಕಂಡರು. ಅವನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟರು.

ಆದರೆ ಈ ತನ್ಮಯತೆಗೆ ಅವರು ಬೆಲೆ ತೆರಬೇಕಾಯಿತು. 1904ರಲ್ಲಿ ಗಣಿತದ ಬಹುಮಾನದೊಡನೆ ಪ್ರೌಢಶಾಲೆಯನ್ನು ಮುಗಿಸಿ, ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದರು. ಅಲ್ಲಿ ಗಣಿತವೊಂದನ್ನುಳಿದು ಬೇರೆ ಯಾವ ವಿಷಯದ ಕಡೆಗೂ ಅವರ ಮನಸ್ಸು ಹರಿಯಲಿಲ್ಲ. ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದು ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದರೂ ಅಲ್ಲಿಯೂ ಅದೇ ಕಥೆಯಾಯಿತು. 1907ರ ಎಫ್.ಎ. ಪರೀಕ್ಷೆಯಲ್ಲಿ ಗಣಿತದಲ್ಲಿ ಮಾತ್ರ ತೇರ್ಗಡೆಯಾದರು. ಪದವಿಯ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಕಾಲದಲ್ಲಿ ಪದವಿಯಿಲ್ಲದವನಿಗೆ ಒಳ್ಳೆಯ ಹುದ್ದೆ ದೊರೆಯುವುದು ದುರ್ಲಭವಾಗಿತ್ತು.

1909ರ ಜುಲೈ ತಿಂಗಳಲ್ಲಿ ಅಂದಿನ ಪದ್ಧತಿಯಂತೆ ಅವರಿಗೆ ಹತ್ತು ವರ್ಷದ ಬಾಲೆ ಜಾನಕಿಯೊಡನೆ ವಿವಾಹವಾಯಿತು. ಸಂಸಾರದ ಹೊಣೆ ಹೆಗಲಿಗೆ ಬಂದಿತು. ಮನೆಪಾಠ ಹೇಳಿ ಸಂಪಾದಿಸಲು ನೋಡಿದರು. ಪಠ್ಯದ ಮೇರೆಯನ್ನು ಮೀರಿ ಎತ್ತಲೋ ಸಾಗುತ್ತಿದ್ದ ಈ ಗುರುವಿನ ಹಿಂದೆ ಓಡಲು ಪರೀಕ್ಷೆಗೆ ಕುಳಿತ ಹುಡುಗರಿಗೆ ಸಾಧ್ಯವಾಗಲಿಲ್ಲ. ಕೊನೆಗೆ ಟಿಪ್ಪಣಿ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಉದ್ಯೋಗ ಹುಡುಕುತ್ತ ಊರೂರು ಅಲೆದರು. ಭಾರತೀಯ ಗಣಿತ ಸಂಘವನ್ನು 1907ರಲ್ಲಿ ಸ್ಥಾಪಿಸಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರು ಆಗ ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದರು. ರಾಮಾನುಜನ್ ಅವರನ್ನು ಕಂಡು ಅವರ ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸವನ್ನು ಬೇಡಿದರು. ಅಯ್ಯರ್ ಅವರು ಪುಸ್ತಕಗಳನ್ನು ತಿರುವಿಹಾಕಿದರು. ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕಡತಗಳ ಕೆಳಗೆ ಹೂಳುವುದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಕೆಲಸ ಕೊಡುವ ಬದಲು ಮದರಾಸಿನ ಗಣಿತಜ್ಞ ಮಿತ್ರರಿಗೆ ಪರಿಚಯಪತ್ರವನ್ನು ಕೊಟ್ಟು ಕಳುಹಿಸಿದರು.

ಆ ಪತ್ರಗಳ ದಾರಿ ಹಿಡಿದು 1910ರ ಕೊನೆಯಲ್ಲಿ ರಾಮಾನುಜನ್ ಅವರು ನೆಲ್ಲೂರಿನ ಕಲೆಕ್ಟರಾಗಿದ್ದ ಆರ್. ರಾಮಚಂದ್ರರಾಯರನ್ನು ಕಂಡರು. ರಾಯರು ಗಣಿತಪ್ರಿಯರು. ಮೊದಲು ಅವರಿಗೆ ಸಂದೇಹವಿತ್ತು. ಹಲವು ಭೇಟಿಗಳಾದ ಮೇಲೆ ಅದು ಹೋಗಿ ಬೆರಗು ಹುಟ್ಟಿತು. ಏನು ಬೇಕೆಂದು ಕೇಳಿದಾಗ, ಊಟದ ಚಿಂತೆಯಿಲ್ಲದೆ ತಮ್ಮ ಸಂಶೋಧನೆಯನ್ನು ಮುಂದುವರಿಸುವಷ್ಟು ಬಿಡುವು ಸಿಕ್ಕರೆ ಸಾಕೆಂದು ರಾಮಾನುಜನ್ ಕೋರಿದರು. ರಾಯರು ತಿಂಗಳಿಗೆ 25 ರೂಪಾಯಿಗಳನ್ನು ತಮ್ಮ ಕೈಯಿಂದಲೇ ಕೊಡತೊಡಗಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ನರ ಮೊದಲ ಸಂಶೋಧನ ಲೇಖನ ಪ್ರಕಟವಾಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಕೇಳಿದ ಬಿಡುವು ಸಿಕ್ಕಿತ್ತು. ಉದಾರಿಯಾದ ಪೋಷಕರು ದೊರೆತಿದ್ದರು. ಆದರೂ ಇನ್ನೊಬ್ಬರ ಹಣದಲ್ಲಿ ಬಹುಕಾಲ ಬದುಕುವುದು ರಾಮಾನುಜನ್ನರಿಗೆ ಹಿಡಿಸಲಿಲ್ಲ. ಯಾರಿಗೂ ಹೊರೆಯಾಗಬಾರದೆಂದು ಅವರು ಮತ್ತೆ ಉದ್ಯೋಗವನ್ನು ಅರಸಿದರು. 1912ರ ಜನವರಿಯಲ್ಲಿ ಮದರಾಸಿನ ಅಕೌಂಟೆಂಟ್ ಜನರಲರ ಕಚೇರಿಯಲ್ಲಿ 20 ರೂಪಾಯಿ ಸಂಬಳದ ತಾತ್ಕಾಲಿಕ ಕೆಲಸ ಸಿಕ್ಕಿತು. ಅದು ಕೆಲವೇ ವಾರಗಳ ಮಾತು. ಫೆಬ್ರವರಿ 9ರಂದು ಮದರಾಸು ಪೋರ್ಟ್ ಟ್ರಸ್ಟಿಗೆ, ಎಂದರೆ ಬಂದರು ಮಂಡಳಿಗೆ, ಅರ್ಜಿ ಬರೆದರು. ಪ್ರತಿಕೂಲ ಪರಿಸ್ಥಿತಿಗಳಿಂದ ಕಾಲೇಜು ವ್ಯಾಸಂಗ ನಿಂತುಹೋಯಿತೆಂದೂ, ತಮ್ಮ ಸಮಯವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟಿರುವುದಾಗಿಯೂ ಅದರಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕರಾದ ಮಿಡಲ್‌ಮಾಸ್ಟ್ ಅವರ ಶಿಫಾರಸು ಜೊತೆಗಿತ್ತು. 1912ರ ಮಾರ್ಚ್ 1ರಂದು ರಾಮಾನುಜನ್ ಲೆಕ್ಕಪತ್ರ ಶಾಖೆಯ ಗುಮಾಸ್ತರಾಗಿ ನೇಮಕಗೊಂಡರು. ಮೂರನೆಯ ದರ್ಜೆಯ ನಾಲ್ಕನೆಯ ಶ್ರೇಣಿ. ಸಂಬಳ ತಿಂಗಳಿಗೆ 30 ರೂಪಾಯಿ.

ವರ್ಷಕ್ಕೆ 360 ರೂಪಾಯಿ ವರಮಾನ! ತಾಯಿ ಮತ್ತು ಪತ್ನಿ ಮದರಾಸಿಗೆ ಬಂದು ಸೇರಿದ ಮೇಲೆ ಬಾಡಿಗೆ, ಅಕ್ಕಿ, ಬೇಳೆ, ಎಣ್ಣೆ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಗಣಿತಕ್ಕೆ ಬೇಕಾದ ಕಾಗದವನ್ನು ಕೊಳ್ಳುವುದು ಆ ಸಂಸಾರಕ್ಕೆ ಭಾರವಾಗಿತ್ತು. ಆದುದರಿಂದ ರಾಮಾನುಜನ್ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಮತ್ತೆ ಬರೆಯುತ್ತಿದ್ದರು. ಕೊನೆಯ ಫಲಿತಾಂಶವನ್ನು ಮಾತ್ರ ಪುಸ್ತಕಕ್ಕೆ ಇಳಿಸುತ್ತಿದ್ದರು. ಬಂದರಿನ ಕಟ್ಟೆಯ ಮೇಲೆ ಸರಕು ಸುತ್ತಿ ಬಿಸಾಡಿದ ಕಾಗದವನ್ನು ಲೆಕ್ಕ ಮಾಡುವುದಕ್ಕೆಂದು ಅವರು ಹುಡುಕುತ್ತಿದ್ದುದನ್ನು ಪರಿಚಿತರೊಬ್ಬರು ನೆನಪಿಸಿಕೊಂಡಿದ್ದಾರೆ. ಕಚೇರಿಗೆ ಹೊರಡುವ ಮೊದಲು ಗಣಿತ. ಕಚೇರಿಯಿಂದ ಬಂದ ಮೇಲೆ ಗಣಿತ. ಕೆಲವು ರಾತ್ರಿಗಳು ಗಣಿತದಲ್ಲಿಯೇ ಬೆಳಗಾಗುತ್ತಿದ್ದವು. ಆಮೇಲೆ ಎರಡು ಮೂರು ಗಂಟೆ ನಿದ್ರಿಸಿ ಮತ್ತೆ ಕಚೇರಿಯ ದಾರಿ ಹಿಡಿಯುತ್ತಿದ್ದರು.

ಇಷ್ಟಾದರೂ ಆ ಕಚೇರಿಯನ್ನು ಸೆರೆಮನೆಯೆಂದು ಭಾವಿಸುವುದು ತಪ್ಪು. ಅಲ್ಲಿನ ಮುಖ್ಯ ಲೆಕ್ಕಾಧಿಕಾರಿಗಳಾದ ಎಸ್. ನಾರಾಯಣ ಅಯ್ಯರ್ ಅವರು ಸ್ವತಃ ಗಣಿತದ ಎಂ.ಎ. ಪದವೀಧರರು, ಹಿಂದೆ ಕಾಲೇಜಿನಲ್ಲಿ ಗಣಿತವನ್ನು ಬೋಧಿಸಿದ್ದವರು. ತಮ್ಮ ಕೈಕೆಳಗಿನ ಗುಮಾಸ್ತನ ಯೋಗ್ಯತೆ ಅವರಿಗೆ ಬೇಗನೆ ತಿಳಿಯಿತು. ಸಂಜೆಯಾದರೆ ಅಧಿಕಾರಿ ಮತ್ತು ಗುಮಾಸ್ತ ಇಬ್ಬರೂ ಟ್ರಿಪ್ಲಿಕೇನಿನಲ್ಲಿದ್ದ ಅಯ್ಯರ್ ಅವರ ಮನೆಯಲ್ಲಿ ತಲೆಗೊಂದು ಸ್ಲೇಟು ಹಿಡಿದು ಕುಳಿತುಬಿಡುತ್ತಿದ್ದರು. ರಾಮಾನುಜನ್ ಒಂದೇ ನೆಗೆತಕ್ಕೆ ಹಾರಿಹೋಗುತ್ತಿದ್ದ ಮೆಟ್ಟಿಲುಗಳನ್ನು ಅಯ್ಯರ್ ಅವರು ಒಂದೊಂದಾಗಿ ಬರೆಯಿಸುತ್ತಿದ್ದರು. ತಮಗೇ ಅರ್ಥವಾಗದ್ದು ಬೇರೆಯವರಿಗೆ ಹೇಗೆ ಅರ್ಥವಾದೀತು ಎಂಬುದು ಅವರ ವಾದ. ಬಂದರು ಮಂಡಳಿಯ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಎಂಜಿನಿಯರರಿಗೂ ಅಯ್ಯರ್ ಅವರು ಈ ವಿಷಯವನ್ನು ತಿಳಿಸಿ ಅವರ ಆಸಕ್ತಿಯನ್ನು ಕೆರಳಿಸಿದರು.

ಹೀಗೆ ಆ ಉದ್ಯೋಗ ರಾಮಾನುಜನ್ನರಿಗೆ ಅನ್ನವನ್ನು ಕೊಟ್ಟಿತು, ಹಿತೈಷಿಗಳನ್ನು ಕೊಟ್ಟಿತು. ಕೊಡಲಾರದೆ ಹೋದದ್ದು ಒಂದೇ: ಹಗಲು. ದಿನದ ಬೆಳಕಿನ ಗಂಟೆಗಳೆಲ್ಲ ಜಮಾ ಖರ್ಚಿನ ಪುಸ್ತಕಗಳಿಗೆ ಸಲ್ಲುತ್ತಿದ್ದವು. ಅವರು ಬರೆದಿಡುತ್ತಿದ್ದ ಅಂಕಿಗಳನ್ನು ಬೇರೆ ಯಾವ ಗುಮಾಸ್ತನಾದರೂ ಬರೆಯಬಹುದಾಗಿತ್ತು. ರಾತ್ರಿ ಅವರ ಸ್ಲೇಟಿನ ಮೇಲೆ ಮೂಡುತ್ತಿದ್ದ ಸೂತ್ರಗಳನ್ನು ಬರೆಯಬಲ್ಲವರು ಆ ನಗರದಲ್ಲಿ ಮತ್ತೊಬ್ಬರಿರಲಿಲ್ಲ. ಅವುಗಳ ಬೆಲೆಯನ್ನು ಖಚಿತವಾಗಿ ಕಟ್ಟಬಲ್ಲವರೂ ಇರಲಿಲ್ಲ. ಹಿಂದಿನ ಸೋಲುಗಳಿಂದ ಪೆಟ್ಟು ತಿಂದಿದ್ದ ರಾಮಾನುಜನ್ ಈ ಸಲ ಕೈಯಲ್ಲಿದ್ದ ಕೆಲಸವನ್ನು ಒಮ್ಮೆಗೇ ತೊರೆದು ಬೀದಿಗೆ ಇಳಿಯಲಿಲ್ಲ. ಕೆಲಸದಲ್ಲಿದ್ದುಕೊಂಡೇ, ತಮ್ಮ ಗಣಿತಕ್ಕೆ ನಿಜವಾಗಿ ಬೆಲೆಯುಂಟೋ ಇಲ್ಲವೋ ಎಂಬುದನ್ನು ಬಲ್ಲವರಿಂದ ತಿಳಿಯಲು ಹೊರಟರು.

ಮದರಾಸಿನ ಹಿತೈಷಿಗಳ ಸಲಹೆಯಂತೆ ಇಂಗ್ಲೆಂಡಿನ ವಿದ್ವಾಂಸರಿಗೆ ಪತ್ರಗಳು ಹೋದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಪ್ರಸಿದ್ಧ ಪ್ರಾಧ್ಯಾಪಕರಿಂದ ನೆರವೇನೂ ದೊರೆಯಲಿಲ್ಲ. 1913ರ ಜನವರಿ 16ರಂದು ರಾಮಾನುಜನ್ ಅದೇ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜಿನ ಜಿ. ಎಚ್. ಹಾರ್ಡಿ ಅವರಿಗೆ ಬರೆದರು. ತಾವು ಬಂದರು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ವರ್ಷಕ್ಕೆ 20 ಪೌಂಡು ಮಾತ್ರ ಸಂಬಳವಿರುವ ಗುಮಾಸ್ತರೆಂದು ಪರಿಚಯ ಹೇಳಿಕೊಂಡು, ಸುಮಾರು 120 ಪ್ರಮೇಯಗಳನ್ನು ಪತ್ರದೊಂದಿಗೆ ಇಟ್ಟಿದ್ದರು. ಹಾರ್ಡಿ ಮೊದಲು ಇದನ್ನು ಯಾರೋ ಹುಚ್ಚನ ಕೆಲಸವೆಂದು ಶಂಕಿಸಿದರು. ಆ ಸಂಜೆ ತಮ್ಮ ಮಿತ್ರ ಲಿಟಲ್‌ವುಡ್ ಅವರೊಡನೆ ಕುಳಿತು ಸೂತ್ರಗಳನ್ನು ಪರಿಶೀಲಿಸಿದಾಗ, ಅವು ಅಸಾಧಾರಣ ಪ್ರತಿಭೆಯ ಕೃತಿಯೆಂಬುದು ಮನವರಿಕೆಯಾಯಿತು. ಫೆಬ್ರವರಿ 8ರಂದು ಅವರು ಬರೆದ ಉತ್ತರ ಮದರಾಸಿನಲ್ಲಿ ಹೊಸ ಆಸೆಯನ್ನು ಚಿಗುರಿಸಿತು. ಅದಕ್ಕೆ ಮಾರೋಲೆ ಬರೆಯುತ್ತ ರಾಮಾನುಜನ್, ತಾವು ಅರೆಹೊಟ್ಟೆಯಲ್ಲಿರುವುದನ್ನು ಸಂಕೋಚಪಡದೆ ತಿಳಿಸಿದರು. ಮಿದುಳನ್ನು ಉಳಿಸಿಕೊಳ್ಳಬೇಕಾದರೆ ಅನ್ನ ಬೇಕೆಂದೂ, ಹಾರ್ಡಿಯವರ ಸಹಾನುಭೂತಿಯ ಪತ್ರವೊಂದಿದ್ದರೆ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ದೊರೆಯಬಹುದೆಂದೂ ವಿವರಿಸಿದರು. ಕೀರ್ತಿಯ ಆಸೆಗಿಂತ ಆ ಪತ್ರದಲ್ಲಿ ಎದ್ದುಕಾಣುವುದು ಬದುಕಿನ ಲೆಕ್ಕಾಚಾರ.

ಅದೇ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಾಧಿಕಾರಿಗಳೂ ಹಿಂದೆ ಕೇಂಬ್ರಿಜ್‌ನಲ್ಲಿ ಗಣಿತಜ್ಞರೂ ಆಗಿದ್ದ ಡಾ. ಗಿಲ್ಬರ್ಟ್ ವಾಕರ್ ಅವರು ಮದರಾಸಿನ ಬಂದರಿಗೆ ಬಂದರು. ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು ತಮ್ಮ ಗುಮಾಸ್ತನ ಗಣಿತವನ್ನು ಅವರ ಮುಂದಿಟ್ಟರು. ಮರುದಿನವೇ ವಾಕರ್ ಅವರು, ರಾಮಾನುಜನ್ನರಿಗೆ ಕೆಲವು ವರ್ಷಗಳಾದರೂ ಜೀವನೋಪಾಯದ ಚಿಂತೆಯಿಲ್ಲದೆ ಗಣಿತದಲ್ಲಿಯೇ ತೊಡಗುವಂತೆ ಏರ್ಪಾಡು ಮಾಡಬೇಕೆಂದು ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದರು. ವಿಶ್ವವಿದ್ಯಾಲಯದ ನಿಯಮಗಳು ಅಡ್ಡಬಂದವು. ಸಂಶೋಧನ ವೇತನವಿದ್ದದ್ದು ಉನ್ನತ ಪದವಿ ಪಡೆದವರಿಗೆ, ಇವರಾದರೋ ಎಫ್.ಎ. ಪರೀಕ್ಷೆಯನ್ನೂ ದಾಟಿರಲಿಲ್ಲ. ಆದರೆ ಜ್ಞಾನವನ್ನು ಬೆಳೆಸುವುದೇ ವಿಶ್ವವಿದ್ಯಾಲಯದ ಉದ್ದೇಶವೆಂಬುದನ್ನು ಅಲ್ಲಿನ ಹಿರಿಯರು ಮರೆಯಲಿಲ್ಲ. ವಿಶೇಷ ಅನುಮತಿ ಪಡೆದು, ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷಗಳ ಸಂಶೋಧನ ವೇತನವನ್ನು ಮಂಜೂರು ಮಾಡಿದರು.

ಈಗ ನಿರ್ಧಾರದ ಗಳಿಗೆ ಬಂದಿತು. ಲೋಕವ್ಯವಹಾರದ ಕಣ್ಣಿನಿಂದ ನೋಡೋಣ. 30 ರೂಪಾಯಿಗಿಂತ 75 ರೂಪಾಯಿ ದೊಡ್ಡದೆಂಬುದು ನಿಜ. ಆದರೆ 30 ರೂಪಾಯಿಯ ಕೆಲಸ ನಿಲ್ಲುವಂಥದು. 75 ರೂಪಾಯಿಯ ವೇತನ ಎರಡು ವರ್ಷಕ್ಕೆ ಮುಗಿಯುವಂಥದು. ಮೂರು ತಿಂಗಳಿಗೊಮ್ಮೆ ಸಂಶೋಧನೆಯ ವರದಿಯನ್ನು ಒಪ್ಪಿಸಬೇಕು. ವಿದ್ಯಾರ್ಥಿವೇತನವನ್ನು ಒಮ್ಮೆ ಕಳೆದುಕೊಂಡು ಬಹುಕಾಲ ಪಾಡುಪಟ್ಟವರಿಗೆ ಈ ಷರತ್ತುಗಳ ತೂಕ ತಿಳಿಯದಿರುವುದಿಲ್ಲ. ಆದರೂ 1913ರ ಮೇ 1ರಿಂದ ರಾಮಾನುಜನ್ ಬಂದರು ಕಚೇರಿಯ ಪುಸ್ತಕಗಳನ್ನು ಕೆಳಗಿಟ್ಟು, ವಿಶ್ವವಿದ್ಯಾಲಯದ ಸಂಶೋಧಕರಾದರು. ಹದಿನಾಲ್ಕು ತಿಂಗಳ ಗುಮಾಸ್ತಗಿರಿ ಮುಗಿಯಿತು. ಹಿಂದೊಮ್ಮೆ ಗಣಿತಕ್ಕಾಗಿ ಕಾಲೇಜನ್ನು ಕಳೆದುಕೊಂಡಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಬಲ್ಲವರ ಸಾಕ್ಷ್ಯವಿತ್ತು, ಮನೆಗೆ ಅನ್ನವಿತ್ತು, ದಿನದ ಹಗಲೆಲ್ಲ ತಮ್ಮದಾಗಿತ್ತು.

ಇದಕ್ಕಿಂತ ಕಠಿಣವಾದ ಇನ್ನೊಂದು ನಿರ್ಧಾರ ಮುಂದೆ ಕಾದಿತ್ತು. ಹಾರ್ಡಿ ಅವರು ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಳ್ಳಲು ಬಯಸಿದರು. ಆದರೆ ಕಡಲು ದಾಟಿದವನನ್ನು ಜಾತಿಯಿಂದ ಹೊರಗಿಡುತ್ತಿದ್ದ ಕಾಲವದು. ತಾಯಿಯ ಒಪ್ಪಿಗೆಯಿರಲಿಲ್ಲ, ರಾಮಾನುಜನ್ ಮೊದಲ ಸಲ ಬರಲಾರೆನೆಂದರು. 1914ರ ಆರಂಭದಲ್ಲಿ ಉಪನ್ಯಾಸಗಳಿಗೆಂದು ಮದರಾಸಿಗೆ ಬಂದ ನೆವಿಲ್ ಎಂಬ ಗಣಿತಜ್ಞರು ಹಾರ್ಡಿಯವರ ಕೋರಿಕೆಯಂತೆ ಮತ್ತೆ ವಿಷಯವನ್ನೆತ್ತಿದರು. ಅಷ್ಟು ಹೊತ್ತಿಗೆ ಮನೆಯ ವಿರೋಧ ಕರಗಿತ್ತು. ಕುಲದೇವತೆಯಾದ ನಾಮಕ್ಕಲ್ಲಿನ ನಾಮಗಿರಿ ತಾಯಾರ್ ಕನಸಿನಲ್ಲಿ ಬಂದು, ಮಗನ ಹಾದಿಗೆ ಅಡ್ಡನಿಲ್ಲಬೇಡವೆಂದು ತಾಯಿಗೆ ಅಪ್ಪಣೆ ಮಾಡಿದಳೆಂದು ಪ್ರತೀತಿ. ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡು ವೇತನವನ್ನೂ ಪ್ರಯಾಣದ ವೆಚ್ಚವನ್ನೂ ಕೊಡಲು ಒಪ್ಪಿತು. ಬಂದರು ಮಂಡಳಿಯ ಅಧ್ಯಕ್ಷರಾದ ಸ್ಪ್ರಿಂಗ್ ಅವರೇ ಗವರ್ನರರ ಕಾರ್ಯದರ್ಶಿಗೆ ಪತ್ರ ಬರೆದು ಈ ಕೆಲಸ ನೆರವೇರುವಂತೆ ಒತ್ತಾಸೆಯಾಗಿ ನಿಂತರು. ತನ್ನ ಗುಮಾಸ್ತನನ್ನು ಇಟ್ಟುಕೊಳ್ಳುವುದಕ್ಕಿಂತ ಅವನು ತನ್ನನ್ನು ಬಿಟ್ಟು ಹೋಗಲೆಂದು ಹೀಗೆ ದುಡಿದ ಕಚೇರಿಗಳು ವಿರಳ.

ಹೊರಡುವ ಮುನ್ನ ರಾಮಾನುಜನ್ ಎರಡು ಕೆಲಸಗಳನ್ನು ಮಾಡಿದರು. ತಮಗೆ ಬರುವ 250 ಪೌಂಡುಗಳಲ್ಲಿ 50 ಪೌಂಡು ಮನೆಯವರಿಗೆ ನೇರವಾಗಿ ಸಲ್ಲುವಂತೆ ಏರ್ಪಾಡು ಮಾಡಿದರು. ಬಳಿಕ ತಮ್ಮ ಜುಟ್ಟನ್ನು ಕತ್ತರಿಸಿ, ಎಂದೂ ತೊಡದಿದ್ದ ಕೋಟು ಬೂಟುಗಳನ್ನು ತೊಟ್ಟರು. ಆ ವೇಷವನ್ನು ಕಂಡು ತಾಯಿ ಮತ್ತು ಪತ್ನಿ ನೊಂದಾರೆಂದು ಅವರನ್ನು ಅದಕ್ಕೆ ಮೊದಲೇ ಕುಂಭಕೋಣಕ್ಕೆ ಕಳುಹಿಸಿದ್ದರು. 1914ರ ಮಾರ್ಚ್ 17ರಂದು ನೆವಾಸಾ ಎಂಬ ಹಡಗಿನಲ್ಲಿ ಮದರಾಸನ್ನು ಬಿಟ್ಟರು.

ಕೇಂಬ್ರಿಜ್‌ನಲ್ಲಿ ಹಾರ್ಡಿಯವರೊಡನೆ ಕಳೆದ ವರ್ಷಗಳಲ್ಲಿ ರಾಮಾನುಜನ್ನರ ಪ್ರತಿಭೆ ಪೂರ್ಣವಾಗಿ ಅರಳಿತು. ಅವರ ಕೆಲಸದ ಒಂದು ಮಾದರಿಯನ್ನು ನಾವೂ ತಿಳಿಯಬಹುದು. 4 ಎಂಬ ಸಂಖ್ಯೆಯನ್ನು ಪೂರ್ಣಾಂಕಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? 4, 3+1, 2+2, 2+1+1, 1+1+1+1, ಹೀಗೆ 5 ಬಗೆ. 5 ಎಂಬ ಸಂಖ್ಯೆಗಾದರೆ 7 ಬಗೆ. ಸಂಖ್ಯೆ ಬೆಳೆದಂತೆ ಈ ವಿಭಜನೆಗಳ ಎಣಿಕೆ ಮಿತಿಮೀರಿ ಬೆಳೆಯುತ್ತದೆ. 100ಕ್ಕೆ ಅದು 19,05,69,292; 200ಕ್ಕೆ 3 ಲಕ್ಷ 97 ಸಾವಿರ ಕೋಟಿಗೂ ಹೆಚ್ಚು. ಒಂದೊಂದಾಗಿ ಎಣಿಸಹೊರಟರೆ ಆಯುಷ್ಯ ಸಾಲದು. ಇದನ್ನು ಬಹು ನಿಕಟವಾಗಿ ತಿಳಿಸುವ ಸೂತ್ರವೊಂದನ್ನು ಹಾರ್ಡಿ ಮತ್ತು ರಾಮಾನುಜನ್ ಒಟ್ಟಿಗೆ ಕಂಡುಹಿಡಿದು 1918ರಲ್ಲಿ ಪ್ರಕಟಿಸಿದರು. ಅದೇ ವರ್ಷ ರಾಮಾನುಜನ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯರೂ ಅವರೇ. ಎಫ್.ಎ. ಪರೀಕ್ಷೆಯಲ್ಲಿ ಸೋತವರಿಗೆ ಒಲಿದ ಗೌರವಗಳಿವು!

ಆದರೆ ಆ ಪಯಣದ ಬೆಲೆ ಅಲ್ಪವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲ, ಚಳಿಯ ದೇಶ. ಶಾಕಾಹಾರವನ್ನು ಬಿಡದ ರಾಮಾನುಜನ್ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಬೇಕಾದ ಪದಾರ್ಥಗಳು ಸಿಗುತ್ತಿರಲಿಲ್ಲ. ಹೊತ್ತುಹೊತ್ತಿಗೆ ಉಣ್ಣುವ ಅಭ್ಯಾಸವೂ ಇರಲಿಲ್ಲ. 1917ರಲ್ಲಿ ಹಾಸಿಗೆ ಹಿಡಿದರು. ಕ್ಷಯವೆಂದು ಅಂದಿನ ವೈದ್ಯರು ಚಿಕಿತ್ಸೆ ಮಾಡಿದರು. ಅಮೀಬಾದಿಂದ ಬರುವ ಯಕೃತ್ತಿನ ರೋಗ ಅದಾಗಿದ್ದಿರಬಹುದೆಂಬುದು ಹಳೆಯ ದಾಖಲೆಗಳನ್ನು ಪರಿಶೀಲಿಸಿದವರೊಬ್ಬರು 1994ರಲ್ಲಿ ಮಂಡಿಸಿದ ಅಭಿಪ್ರಾಯ.

ಈ ಅನಾರೋಗ್ಯದ ನಡುವೆಯೇ ಮದರಾಸು ವಿಶ್ವವಿದ್ಯಾಲಯ ಅವರಿಗೆ ವರ್ಷಕ್ಕೆ 250 ಪೌಂಡುಗಳ ವೇತನವನ್ನು ಮುಂದುವರಿಸಲು ನಿಶ್ಚಯಿಸಿತು. 1919ರ ಜನವರಿಯಲ್ಲಿ ರಾಮಾನುಜನ್ ಅದಕ್ಕೆ ಉತ್ತರ ಬರೆದರು. ಅಷ್ಟು ಹಣ ತಮ್ಮ ಅಗತ್ಯಕ್ಕಿಂತ ಹೆಚ್ಚೆಂದು ಅವರು ತಿಳಿಸಿದರು. ತಂದೆತಾಯಿಗಳಿಗೆ ವರ್ಷಕ್ಕೆ 50 ಪೌಂಡು ಸಂದು, ತಮ್ಮ ಅವಶ್ಯಕ ಖರ್ಚು ಕಳೆದು ಉಳಿದ ಹಣವನ್ನು ಶಾಲೆಗಳಲ್ಲಿ ಓದುವ ಬಡ ಹುಡುಗರ ಮತ್ತು ಅನಾಥರ ಶುಲ್ಕವನ್ನು ಕಡಿಮೆ ಮಾಡುವುದಕ್ಕೂ ಪುಸ್ತಕಗಳನ್ನು ಒದಗಿಸುವುದಕ್ಕೂ ವಿನಿಯೋಗಿಸಬೇಕೆಂದು ಕೋರಿದರು. ಕಾಗದಕ್ಕೆ ಕಾಸಿಲ್ಲದೆ ಸ್ಲೇಟಿನ ಮೇಲೆ ಬರೆದು ಒರೆಸಿದ ಹಳೆಯ ಗುಮಾಸ್ತರು ತಮ್ಮ ವರಮಾನದ ಜಮಾ ಖರ್ಚನ್ನು ಹೀಗೆ ಸರಿದೂಗಿಸಿದರು.

1919ರ ಮಾರ್ಚ್ ಕೊನೆಯಲ್ಲಿ ತಾಯ್ನಾಡಿಗೆ ಮರಳಿದರು. ಕೀರ್ತಿ ಬಂದಿತ್ತು, ಆರೋಗ್ಯ ಬರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗಲೂ ಸ್ಲೇಟು ಕೈಬಿಡಲಿಲ್ಲ. 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ಗಣಿತದ ಇನ್ನೊಂದು ಹೊಸ ಪ್ರದೇಶವನ್ನೇ ತೆರೆದು ತೋರಿಸಿದ್ದರು. ಪತ್ನಿ ಜಾನಕಿಯಮ್ಮನವರು ಬಳಿಯಲ್ಲಿದ್ದು ಶುಶ್ರೂಷೆ ಮಾಡಿದರು. ಏಪ್ರಿಲ್ 26ರಂದು ಮದರಾಸಿನ ಚೆಟ್‌ಪೆಟ್‌ನಲ್ಲಿ, ಕೇವಲ 32ನೆಯ ವಯಸ್ಸಿನಲ್ಲಿ ರಾಮಾನುಜನ್ ಕಾಲವಶರಾದರು. ಇಪ್ಪತ್ತೊಂದು ವರ್ಷದ ಜಾನಕಿಯಮ್ಮನವರು ಮುಂದೆ ಹೊಲಿಗೆಯನ್ನು ಕಲಿತು, ಟ್ರಿಪ್ಲಿಕೇನಿನಲ್ಲಿ ಸ್ವಂತ ದುಡಿಮೆಯಿಂದ ಬಾಳಿದರು. ಪತಿಯ ಕೀರ್ತಿ ದೇಶದೇಶಗಳಲ್ಲಿ ಹಬ್ಬಿದ್ದನ್ನು ಕಣ್ಣಾರೆ ಕಂಡು 1994ರಲ್ಲಿ ತೀರಿಕೊಂಡರು.

ರಾಮಾನುಜನ್ ಬಂದರು ಕಚೇರಿಯಲ್ಲಿಯೇ ಉಳಿದಿದ್ದರೆ ಇನ್ನೂ ಕೆಲವು ಕಾಲ ಬದುಕುತ್ತಿದ್ದರೇನೋ. ಹಾಗೆ ಕೇಳುವುದು ಸಹಜ. ಅದಕ್ಕೆ ಖಚಿತವಾದ ಉತ್ತರವನ್ನು ಯಾರೂ ಕೊಡಲಾರರು. ಅವರು ಬಿಟ್ಟುಹೋದ ಟಿಪ್ಪಣಿ ಪುಸ್ತಕಗಳು 1957ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದ ಯಥಾಪ್ರತಿಯಾಗಿ ಪ್ರಕಟವಾದವು. ಕಡೆಯ ವರ್ಷದಲ್ಲಿ ಬರೆದ ಹಾಳೆಗಳು 1976ರಲ್ಲಿ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಜಾರ್ಜ್ ಆಂಡ್ರ್ಯೂಸ್ ಎಂಬ ಗಣಿತಜ್ಞರ ಕಣ್ಣಿಗೆ ಬಿದ್ದವು. ಅವುಗಳಲ್ಲಿನ ಸೂತ್ರಗಳಿಗೆ ಸಾಧನೆಯನ್ನು ಒದಗಿಸುವುದರಲ್ಲಿ ಹಲವು ವಿದ್ವಾಂಸರು ದಶಕಗಳನ್ನೇ ಕಳೆದಿದ್ದಾರೆ. ರಾಮಾನುಜನ್ನರ ಜನ್ಮದಿನವಾದ ಡಿಸೆಂಬರ್ 22ನ್ನು 2012ರಿಂದ ಭಾರತದಲ್ಲಿ ರಾಷ್ಟ್ರೀಯ ಗಣಿತ ದಿನವೆಂದು ಆಚರಿಸಲಾಗುತ್ತಿದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ಅಲ್ಪ ಸಂಬಳದ ಕೆಲಸಗಳಿಂದಲೇ ಜೀವನವನ್ನು ಆರಂಭಿಸುವಿರಿ. ಕೆಲಸ ಚಿಕ್ಕದೆಂದು ಅದನ್ನು ಹೀನೈಸಬೇಡಿರಿ. ಪರರಿಗೆ ಹೊರೆಯಾಗದೆ ನಿಲ್ಲಲು ರಾಮಾನುಜನ್ನರಿಗೆ ನೆಲೆಯಾದದ್ದು ಅಂಥ ಕೆಲಸವೇ. ಬಿಡಬೇಕೆಂಬ ಪ್ರಶ್ನೆ ಎದ್ದಾಗ ಸಂಬಳದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಲೂಬೇಡಿರಿ. ನಿಮ್ಮ ಹಗಲು ಯಾವುದಕ್ಕೆ ಸಲ್ಲುತ್ತಿದೆ, ನಿಮ್ಮನ್ನು ನಂಬಿದವರಿಗೆ ಅನ್ನದ ದಾರಿ ಯಾವುದು, ಬಲ್ಲವರು ನಿಮ್ಮ ಯೋಗ್ಯತೆಯ ಬಗ್ಗೆ ಏನು ಹೇಳುತ್ತಾರೆ ಎಂಬ ಮೂರನ್ನೂ ತೂಗಿ ನೋಡಿರಿ. ಮುಂದೊಮ್ಮೆ ನಿಮ್ಮ ಕೈಕೆಳಗೆ ಯಾರಾದರೂ ದುಡಿಯುವ ಕಾಲ ಬಂದರೆ, ಗುಮಾಸ್ತನ ಸ್ಲೇಟಿನ ಮುಂದೆ ಸಂಜೆಯೆಲ್ಲ ಕುಳಿತು, ಅವನು ತನ್ನ ದಾರಿ ಹಿಡಿಯಲು ನೆರವಾದ ನಾರಾಯಣ ಅಯ್ಯರ್ ಅವರನ್ನೂ ನೆನೆಯಿರಿ.